ಕುದುರೆ ಹೋಯಿತು, ನಾಯಿ ಉಳಿಯಿತು

1330ರ ದಶಕದಲ್ಲಿ ಕಿಪ್ಚಾಕ್ ಹುಲ್ಲುಗಾವಲನ್ನು ಹಾದುಬಂದ ಪ್ರವಾಸಿ ಇಬ್ನ್ ಬತೂತ, ಅಲ್ಲಿಂದ ಹಿಂದುಸ್ತಾನಕ್ಕೆ ಸುಮಾರು ಆರು ಸಾವಿರ ಕುದುರೆಗಳ ಹಿಂಡುಗಳು ಸಾಗುತ್ತಿದ್ದವೆಂದು ಬರೆದಿದ್ದಾನೆ. ಅಲ್ಲಿ ಅಗ್ಗಕ್ಕೆ ಕೊಂಡ ಕುದುರೆ ಇಲ್ಲಿ ಭಾರಿ ಲಾಭ ತರುತ್ತಿತ್ತು. ನಡು ಏಷ್ಯಾದ ಅಲೆಮಾರಿಗಳಿಗೆ ಕುದುರೆಯೇ ಸವಾರಿ, ಮಾಂಸ, ಹಾಲು. ಕುರಿಯ ಉಣ್ಣೆಯಿಂದ ಅವರ ಗುಡಾರದ ಹೊದಿಕೆ. ಹುಲ್ಲು ಇದ್ದಲ್ಲಿಗೆ ಹಿಂಡು, ಹಿಂಡು ಹೋದಲ್ಲಿಗೆ ಮನೆ.

ದಖ್ಖನಿನಲ್ಲಿ ಹಾಗಿರಲಿಲ್ಲ. ಬಹಮನಿ ಸುಲ್ತಾನರ ಕಾಲದಲ್ಲಿ, 1469ರ ಸುಮಾರಿಗೆ, ರಷ್ಯಾದ ವ್ಯಾಪಾರಿ ಅಫನಾಸಿ ನಿಕಿತಿನ್ ಒಂದು ಗಂಡು ಕುದುರೆಯನ್ನು ಹಡಗಿನಲ್ಲಿ ಚೌಲ್ ಬಂದರಿಗೆ ತಂದು, ಬೀದರಿನಲ್ಲಿ ಮಾರಿದ. ಈ ನಾಡಿನಲ್ಲಿ ಕುದುರೆ ಹುಟ್ಟುವುದಿಲ್ಲ, ಕಾಳು ಬೇಯಿಸಿ, ಸಕ್ಕರೆ, ಎಣ್ಣೆ ಬೆರೆಸಿ ತಿನ್ನಿಸುತ್ತಾರೆ ಎಂದು ಅವನು ಬರೆದಿಟ್ಟ. ಆಳಂದದ ಜಾತ್ರೆಗೆ ಇಪ್ಪತ್ತು ಸಾವಿರ ಕುದುರೆ ಬರುತ್ತಿದ್ದವೆಂಬುದೂ ಅವನದೇ ಲೆಕ್ಕ. ಹುಲ್ಲಿನಿಂದ ಬೆಳೆಯಬೇಕಾದ ಪ್ರಾಣಿ ಇಲ್ಲಿ ಬೊಕ್ಕಸದಿಂದ ಬೆಳೆಯಿತು. ದಂಡು ಕರಗಿದಂತೆ ಲಾಯಗಳೂ ಬರಿದಾದವು.

ಬೇಟೆನಾಯಿಯ ಹಾದಿ

ಕುದುರೆ ಸವಾರರ ಜೊತೆ ಬೇಟೆನಾಯಿಗಳೂ ಬಂದವೆಂಬುದು ಬಹುಜನರ ನಂಬಿಕೆ. ಕಜಕಸ್ತಾನದ ತಾಜಿ, ಅರಬ್-ಪರ್ಷಿಯಾದ ಸಲೂಕಿ, ನಮ್ಮ ಮುಧೋಳ ನಾಯಿ ಮೂರಕ್ಕೂ ಚೂಪು ಮೂತಿ, ಆಳವಾದ ಎದೆ, ಸಣ್ಣ ನಡು. ಮೂರೂ ವಾಸನೆಗಿಂತ ಕಣ್ಣನ್ನು ನಂಬಿ ಓಡುವ ಜಾತಿ. ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆ ಈ ತಳಿಯನ್ನು ಆಯ್ದು ಬೆಳೆಸಿದರು. ಬ್ರಿಟನ್ನಿನ ದೊರೆ ಐದನೇ ಜಾರ್ಜ್‌ಗೆ ಒಂದು ಜೋಡಿ ಕಾಣಿಕೆ ಕೊಟ್ಟರೆಂದು ಹೇಳುತ್ತಾರೆ.

ಅರಮನೆಯೊಂದೇ ಆಸರೆಯಾಗಿದ್ದರೆ 1948ರಲ್ಲಿ ಸಂಸ್ಥಾನ ವಿಲೀನವಾದಾಗ ನಾಯಿಯೂ ಕುದುರೆಯ ದಾರಿ ಹಿಡಿಯುತ್ತಿತ್ತು. ಆದರೆ ಅದಕ್ಕೆ ಬೇರೆ ಮನೆಗಳಿದ್ದವು. ರೈತನ ಹೊಲದಲ್ಲಿ ಅದು ಮೊಲ ಹಿಡಿಯಿತು, ರಾತ್ರಿ ಕಾವಲು ಕಾಯಿತು. ರೊಟ್ಟಿ, ಮಜ್ಜಿಗೆ ಕೊಟ್ಟರೂ ಬದುಕಿತು.

ಹಿಕ್ಕೆಯ ಲೆಕ್ಕ

ಮುಧೋಳ ಸುತ್ತಲಿನ ಬಯಲಿನ ನಿಜವಾದ ಪಶುಪಾಲಕರು ಹಾಲುಮತದ ಕುರುಬರು. ಅವರ ಹಿಂಡೂ ಅಲೆಯುತ್ತದೆ, ಆದರೆ ಒಕ್ಕಲುತನದ ಪಂಚಾಂಗ ನೋಡಿಕೊಂಡು. ಪೈರು ನಿಂತಿರುವಾಗ ಗುಡ್ಡ, ಮಡ್ಡಿಗಳತ್ತ. ಹಿಂಗಾರಿ ಜೋಳದ ಸುಗ್ಗಿ ಮುಗಿದ ಮೇಲೆ ಎರೆ ಹೊಲಗಳತ್ತ. ರಾತ್ರಿ ಹೊಲದಲ್ಲಿ ಕುರಿ ನಿಲ್ಲಿಸಿದರೆ ಹಿಕ್ಕೆ, ಗಂಜಲ ಎರಡೂ ನೇರವಾಗಿ ಮಣ್ಣಿಗೆ ಸೇರುತ್ತವೆ. ಅದಕ್ಕೆ ಬದಲಾಗಿ ರೈತ ಕಾಳನ್ನೋ ಹಣವನ್ನೋ ಕೊಡುತ್ತಾನೆ. ಉಣ್ಣೆ ಕಂಬಳಿಯಾಗುತ್ತದೆ, ಟಗರು ಅಮೀನಗಡ, ಕೆರೂರಿನ ಸಂತೆಗೆ ಹೋಗುತ್ತದೆ. ನಡು ಏಷ್ಯಾದಲ್ಲಿ ಹುಲ್ಲುಗಾವಲಿಗೂ ಊರಿಗೂ ನಡುವೆ ನೂರಾರು ಹರದಾರಿ ಇದ್ದವು. ಇಲ್ಲಿ ಕುರಿಗಾರನಿಗೂ ಒಕ್ಕಲಿಗನಿಗೂ ನಡುವೆ ಒಂದು ಬದು ಮಾತ್ರ.

ಎತ್ತಿನ ಕತೆಯೂ ಇಂಥದೇ. ಜಿಗುಟು ಎರೆ ಮಣ್ಣು ಉಳಲು ಬೇಕಾದ ಭಾರಿ ಮೈಕಟ್ಟಿನೊಂದಿಗೆ ಕೃಷ್ಣಾ ಕಣಿವೆಯ ತಳಿ ರೂಪುಗೊಂಡಿತು. ಸಾಂಗ್ಲಿಯ ಪಟವರ್ಧನ ಸಂಸ್ಥಾನಿಕರು ಅದನ್ನು ಪೋಷಿಸಿದರು. ಟ್ರ್ಯಾಕ್ಟರ್ ಬಂದ ಮೇಲೆ ಆ ಕೆಲಸ ಕಡಿಮೆಯಾಯಿತು, ಎತ್ತುಗಳ ಸಂಖ್ಯೆಯೂ ಇಳಿಯಿತು.

ಇಂದಿನ ಪ್ರಶ್ನೆ

ಬೇಟೆ ನಿಷೇಧವಾದ ಮೇಲೂ ಮುಧೋಳ ನಾಯಿಗೆ ಹೊಸ ಕೆಲಸಗಳು ಸಿಕ್ಕಿವೆ. 2005ರಲ್ಲಿ ಅದು ಅಂಚೆಚೀಟಿಗೆ ಏರಿತು. ಮುಧೋಳದ ಹತ್ತಿರದ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ಸೇನೆಯೂ ಮರಿಗಳನ್ನು ತರಬೇತಿಗೆ ಒಯ್ದಿದೆ. ಮರಿ ಮಾರಾಟದಿಂದ ಅನೇಕ ಮನೆಗಳಿಗೆ ದುಡ್ಡು ಬರುತ್ತಿದೆ. ಕುರಿಯ ಪಾಡು ಹಾಗಿಲ್ಲ. ಮುಧೋಳ, ಜಮಖಂಡಿ ಸೀಮೆಯಲ್ಲಿ ಕಬ್ಬು ಹಬ್ಬಿ ವರ್ಷವಿಡೀ ಹೊಲ ಹಸಿರಾಗಿರುತ್ತದೆ. ಬೀಳಗಿ ಸುತ್ತ ಆಲಮಟ್ಟಿ ಹಿನ್ನೀರು ನಿಂತಿದೆ. ಸುಗ್ಗಿಯ ನಂತರ ಹೊಲ ಖಾಲಿ ಬೀಳದಿದ್ದರೆ ಮಂದೆ ನಿಲ್ಲಿಸುವ ಹೊಲವೂ ಇಲ್ಲ. ತಳಿ ಉಳಿಸುವ ಯೋಜನೆ ಮೊದಲು ಕೇಳಬೇಕಾದದ್ದು ಇಷ್ಟೇ: ಈ ಪ್ರಾಣಿಗೆ ಇಂದಿನ ಒಕ್ಕಲುತನದಲ್ಲಿ ಯಾವ ಕೆಲಸವಿದೆ, ಆ ಕೆಲಸಕ್ಕೆ ಕೂಲಿ ಕೊಡುವವರು ಯಾರು?