ಸಾಲಕ್ಕೂ ಒಂದು ಕೊನೆ ಬೇಕು: ವೈಯಕ್ತಿಕ ದಿವಾಳಿ ಕಾನೂನು ಹೇಳುವುದೇನು?

ತೀರಿಸಲಾಗದ ಸಾಲದ ಭಾರಕ್ಕೆ ಸಿಲುಕಿದ ಪ್ರಾಮಾಣಿಕ ವ್ಯಕ್ತಿಗೆ ಗೌರವದಿಂದ ಹೊರಬರುವ ದಾರಿಯೊಂದನ್ನು ಕಾನೂನು ತೆರೆದಿಡಬೇಕೆಂಬ ತತ್ತ್ವವನ್ನು ಭಾರತ ಒಪ್ಪಿಕೊಂಡು ನೂರು ವರ್ಷಗಳು ಕಳೆದಿವೆ. ಆದರೂ ದಿವಾಳಿ ಎಂಬ ಮಾತನ್ನು ಸಮಾಜವು ಇಂದಿಗೂ ಮಾನಹಾನಿಯ ಗುರುತೆಂದೇ ಭಾವಿಸುವುದರಿಂದ, ಆ ದಾರಿ ಎಲ್ಲಿದೆ, ಅದರಲ್ಲಿ ನಡೆದರೆ ದೊರೆಯುವುದೇನು, ಕಳೆದುಕೊಳ್ಳುವುದೇನು ಎಂಬ ಸರಳ ಪ್ರಶ್ನೆಗಳಿಗೂ ಸಾಲಗಾರರಿಗೆ ಸ್ಪಷ್ಟ ಉತ್ತರ ಸಿಗುವುದಿಲ್ಲ. ಜನಸಾಮಾನ್ಯರು ‘ಪಾಪರ್ ಆಗುವುದು’ ಎಂದು ಕರೆಯುವ ಈ ಪ್ರಕ್ರಿಯೆಯು ವಾಸ್ತವದಲ್ಲಿ ನ್ಯಾಯಾಲಯದ ಮೇಲ್ವಿಚಾರಣೆಯಲ್ಲಿ ಸಾಲಗಾರನ ಆಸ್ತಿಯನ್ನು ಎಲ್ಲ ಸಾಲದಾತರಿಗೂ ನ್ಯಾಯವಾಗಿ ಹಂಚಿ, ಉಳಿದ ಋಣದಿಂದ ಅವನನ್ನು ಬಿಡುಗಡೆ ಮಾಡುವ ಸಿವಿಲ್ ವ್ಯವಸ್ಥೆಯಾಗಿದೆ.

ಯಾವ ಕಾನೂನು ಅನ್ವಯಿಸುತ್ತದೆ?

ಬ್ರಿಟಿಷ್ ಆಡಳಿತವು ಮುಂಬಯಿ, ಕಲ್ಕತ್ತಾ ಮತ್ತು ಮದ್ರಾಸು ನಗರಗಳಿಗಾಗಿ 1909ರಲ್ಲಿ ಪ್ರೆಸಿಡೆನ್ಸಿ ಪಟ್ಟಣಗಳ ದಿವಾಳಿ ಕಾಯ್ದೆಯನ್ನೂ, ಉಳಿದ ಪ್ರದೇಶಗಳಿಗಾಗಿ 1920ರಲ್ಲಿ ಪ್ರಾಂತೀಯ ದಿವಾಳಿ ಕಾಯ್ದೆಯನ್ನೂ ಜಾರಿಗೆ ತಂದಿತು. ಸ್ವಾತಂತ್ರ್ಯಾನಂತರ ಕೆಲವು ರಾಜ್ಯಗಳು ಇದೇ ಮಾದರಿಯಲ್ಲಿ ತಮ್ಮದೇ ಕಾಯ್ದೆಗಳನ್ನು ರೂಪಿಸಿಕೊಂಡವು. ಈ ಹಳೆಯ ಕಾಯ್ದೆಗಳನ್ನು ತೆಗೆದುಹಾಕುವ ಉದ್ದೇಶದಿಂದ 2016ರಲ್ಲಿ ದಿವಾಳಿ ಮತ್ತು ಸಾಲ ಮರುಪಾವತಿ ಅಸಾಮರ್ಥ್ಯ ಸಂಹಿತೆ ಬಂದಿತಾದರೂ, ವ್ಯಕ್ತಿಗಳಿಗೆ ಸಂಬಂಧಿಸಿದ ಅದರ ಮೂರನೆಯ ಭಾಗವು 2019ರ ಡಿಸೆಂಬರ್ 1ರಿಂದ ಕಂಪನಿಗಳ ಸಾಲಕ್ಕೆ ವೈಯಕ್ತಿಕ ಜಾಮೀನು ನೀಡಿದವರಿಗೆ ಮಾತ್ರ ಜಾರಿಯಾಯಿತು. ಸಂಬಳದಾರ, ಕಿರಾಣಿ ವ್ಯಾಪಾರಿ, ಸ್ವಉದ್ಯೋಗಿ ಮೊದಲಾದ ಸಾಮಾನ್ಯ ಸಾಲಗಾರರನ್ನು ಹೊಸ ಸಂಹಿತೆ ಇನ್ನೂ ತಲುಪಿಲ್ಲವಾದ್ದರಿಂದ, ಅವರು ಹಳೆಯ ಚೌಕಟ್ಟಿನಲ್ಲಿಯೇ ಸಿವಿಲ್ ನ್ಯಾಯಾಲಯದ ಮೊರೆ ಹೋಗಬೇಕಾಗುತ್ತದೆ.

ಅರ್ಜಿ ಯಾರು ಸಲ್ಲಿಸಬಹುದು?

1920ರ ಕಾಯ್ದೆಯ ಪ್ರಕಾರ, ಸಾಲ ತೀರಿಸಲು ಅಶಕ್ತನಾದವನು ತನ್ನ ಸಾಲ 500 ರೂಪಾಯಿ ಮುಟ್ಟಿದ್ದರೆ, ಅಥವಾ ಡಿಕ್ರಿಯ, ಅಂದರೆ ಹಣ ಕೊಡಬೇಕೆಂಬ ನ್ಯಾಯಾಲಯದ ತೀರ್ಪಿನ ಅಮಲಿನಲ್ಲಿ ಬಂಧನಕ್ಕೊಳಗಾಗಿದ್ದರೆ, ಅಥವಾ ಅವನ ಆಸ್ತಿಯ ಮೇಲೆ ಜಪ್ತಿ ಆದೇಶವಿದ್ದರೆ ಅರ್ಜಿ ಸಲ್ಲಿಸಬಹುದು. ಸಾಲದಾತರೆಲ್ಲರ ಹೆಸರು ಮತ್ತು ವಿಳಾಸ, ಪ್ರತಿಯೊಬ್ಬರಿಗೂ ಕೊಡಬೇಕಾದ ಮೊತ್ತ, ತನ್ನ ಎಲ್ಲ ಆಸ್ತಿಯ ವಿವರ ಮತ್ತು ಮೌಲ್ಯ, ಹಿಂದೆ ಇಂಥ ಅರ್ಜಿ ಸಲ್ಲಿಸಿದ್ದರೆ ಅದರ ಫಲಿತಾಂಶ, ಇವೆಲ್ಲವನ್ನೂ ಮುಚ್ಚುಮರೆಯಿಲ್ಲದೆ ತಿಳಿಸುವುದು ಕಡ್ಡಾಯ. ಅರ್ಜಿಗೆ ಮುನ್ನ ಮನೆಯನ್ನು ಹೆಂಡತಿಯ ಹೆಸರಿಗೆ, ನಿವೇಶನವನ್ನು ತಮ್ಮನ ಹೆಸರಿಗೆ ಬರೆದುಕೊಟ್ಟರೆ ಆಸ್ತಿ ಉಳಿಯುತ್ತದೆಂಬ ನಂಬಿಕೆ ವ್ಯಾಪಕವಾಗಿದ್ದರೂ ಅದು ಅಪಾಯಕಾರಿ. ಅರ್ಜಿಯ ಹಿಂದಿನ ಎರಡು ವರ್ಷಗಳೊಳಗೆ ಸರಿಯಾದ ಪ್ರತಿಫಲವಿಲ್ಲದೆ ನಡೆದ ವರ್ಗಾವಣೆಗಳನ್ನು ನ್ಯಾಯಾಲಯ ರದ್ದುಪಡಿಸಬಹುದು. ಆಸ್ತಿಯನ್ನು ಬಚ್ಚಿಟ್ಟವನು ಒಂದು ವರ್ಷದವರೆಗೆ ಸೆರೆವಾಸ ಅನುಭವಿಸಬೇಕಾಗಬಹುದು.

ಹೋಗುವುದೇನು, ಉಳಿಯುವುದೇನು?

ನ್ಯಾಯಾಲಯವು ವ್ಯಕ್ತಿಯನ್ನು ದಿವಾಳಿಯೆಂದು ಘೋಷಿಸಿದೊಡನೆ ಅವನ ಆಸ್ತಿ ನ್ಯಾಯಾಲಯದ ಅಥವಾ ಅದು ನೇಮಿಸಿದ ರಿಸೀವರ್ ಎಂಬ ಅಧಿಕಾರಿಯ ವಶಕ್ಕೆ ಸೇರುತ್ತದೆ ಮತ್ತು ಸಾಲದಾತರು ನ್ಯಾಯಾಲಯದ ಅನುಮತಿಯಿಲ್ಲದೆ ಪ್ರತ್ಯೇಕ ದಾವೆ ಹೂಡುವಂತಿಲ್ಲ. ಆದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮು ಜಪ್ತಿಯಿಂದ ಹೊರಗಿಟ್ಟ ವಸ್ತುಗಳನ್ನು ಈ ಪ್ರಕ್ರಿಯೆಯೂ ಮುಟ್ಟುವುದಿಲ್ಲ. ಉಡುವ ಬಟ್ಟೆ, ಅಡುಗೆಯ ಪಾತ್ರೆ, ಹಾಸಿಗೆ, ಕುಶಲಕರ್ಮಿಯ ಉಪಕರಣ, ರೈತನ ಬೇಸಾಯದ ಸಾಧನ ಮತ್ತು ಅವನು ವಾಸಿಸುವ ಮನೆ, ಭವಿಷ್ಯನಿಧಿ, ಸರ್ಕಾರಿ ಪಿಂಚಣಿ, ಇವೆಲ್ಲ ಈ ರಕ್ಷಣೆಗೆ ಒಳಪಡುತ್ತವೆ. ಆದರೆ ಆಸ್ತಿಯನ್ನು ಅಡವಿಟ್ಟು ಪಡೆದ ಭದ್ರತೆಯುಳ್ಳ ಸಾಲದ ವಿಷಯದಲ್ಲಿ ಸಾಲದಾತನ ಹಕ್ಕು ಹಾಗೆಯೇ ಉಳಿಯುವುದರಿಂದ, ಗೃಹಸಾಲ ಕೊಟ್ಟ ಬ್ಯಾಂಕು ಅಡಮಾನದ ಮನೆಯ ಮೇಲಿನ ತನ್ನ ಹಕ್ಕನ್ನು ಬಿಟ್ಟುಕೊಡಬೇಕಾಗಿಲ್ಲ. ಜಾಮೀನು ನಿಂತ ಸ್ನೇಹಿತ ಅಥವಾ ಬಂಧುವಿನ ಹೊಣೆಯೂ ಇದರಿಂದ ಕಳೆಯುವುದಿಲ್ಲ.

ಋಣಮುಕ್ತಿ ತಾನಾಗಿ ಬರುತ್ತದೆಯೇ?

ದಿವಾಳಿಯ ಘೋಷಣೆಯಷ್ಟರಿಂದಲೇ ಸಾಲ ಅಳಿಸಿಹೋಗುವುದಿಲ್ಲವೆಂಬ ಸಂಗತಿಯನ್ನು ಹಲವರು ಗಮನಿಸುವುದಿಲ್ಲ. ನ್ಯಾಯಾಲಯ ಗೊತ್ತುಪಡಿಸಿದ ಅವಧಿಯೊಳಗೆ ಋಣವಿಮುಕ್ತಿ ಆದೇಶಕ್ಕಾಗಿ, ಅಂದರೆ ಬಾಕಿ ಸಾಲದ ಹೊಣೆಯಿಂದ ಬಿಡುಗಡೆ ನೀಡುವ ಆದೇಶಕ್ಕಾಗಿ, ಮತ್ತೊಂದು ಅರ್ಜಿ ಸಲ್ಲಿಸಬೇಕು. ತೀರಿಸಲಾಗದೆಂದು ತಿಳಿದೂ ಸಾಲ ಮಾಡಿದವನಿಗೆ, ಜೂಜು ಅಥವಾ ದುಡುಕಿನ ಸಟ್ಟಾ ವ್ಯವಹಾರದಲ್ಲಿ ಹಣ ಕಳೆದವನಿಗೆ ಈ ಆದೇಶ ಸುಲಭವಾಗಿ ದೊರೆಯುವುದಿಲ್ಲ. ಆದೇಶ ದೊರೆತರೂ ಸರ್ಕಾರಕ್ಕೆ ಸಲ್ಲಬೇಕಾದ ಬಾಕಿ, ವಂಚನೆಯಿಂದ ಹುಟ್ಟಿದ ಸಾಲ ಹಾಗೂ ಹೆಂಡತಿ-ಮಕ್ಕಳ ಜೀವನಾಂಶದ ಹೊಣೆ ಉಳಿದೇ ಇರುತ್ತವೆ. ಋಣವಿಮುಕ್ತಿ ದೊರೆಯುವವರೆಗೆ ಸಂವಿಧಾನದ 102 ಮತ್ತು 191ನೆಯ ವಿಧಿಗಳ ಪ್ರಕಾರ ದಿವಾಳಿಯಾದವನು ಸಂಸತ್ತಿನ ಅಥವಾ ವಿಧಾನಸಭೆಯ ಸದಸ್ಯನಾಗಲಾರನು. ಅದು ದೊರೆತ ಮೇಲೆ ಆ ನಿರ್ಬಂಧ ಉಳಿಯುವುದಿಲ್ಲ.

ಸೆರೆಮನೆಗೆ ಹೋಗಬೇಕೇ?

ಸಾಲಗಾರರನ್ನು ಎಲ್ಲಕ್ಕಿಂತ ಹೆಚ್ಚು ಕಾಡುವ ಭಯ ಇದೇ ಆಗಿರುವುದರಿಂದ ಇದರ ಉತ್ತರ ಸ್ಪಷ್ಟವಾಗಿರಬೇಕು. ಕೇವಲ ಬಡತನದಿಂದ ಸಾಲ ತೀರಿಸಲಾರದವನನ್ನು ಸಿವಿಲ್ ಸೆರೆಗೆ ತಳ್ಳುವಂತಿಲ್ಲವೆಂದು ಸುಪ್ರೀಂ ಕೋರ್ಟ್ 1980ರಲ್ಲಿ, ಜಾಲಿ ಜಾರ್ಜ್ ವರ್ಗೀಸ್ ಮತ್ತು ಬ್ಯಾಂಕ್ ಆಫ್ ಕೊಚ್ಚಿನ್ ನಡುವಣ ಪ್ರಕರಣದಲ್ಲಿ ಸ್ಪಷ್ಟಪಡಿಸಿತು; ಆ ತೀರ್ಪನ್ನು ಬರೆದವರು ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್. ಶಕ್ತಿಯಿದ್ದೂ ಕೊಡದಿರುವ ದುರುದ್ದೇಶ ಸಾಬೀತಾದಾಗ ಮಾತ್ರ ಬಂಧನದ ಪ್ರಶ್ನೆ ಏಳುತ್ತದೆ. ಹಣದ ಡಿಕ್ರಿಗಾಗಿ ಮಹಿಳೆಯರನ್ನು ಬಂಧಿಸಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 56ನೆಯ ಕಲಮು ಅವಕಾಶವನ್ನೇ ನೀಡುವುದಿಲ್ಲ. ಆದರೆ ಚೆಕ್ ಬೌನ್ಸ್ ಪ್ರಕರಣ ಬೇರೆಯೇ ಸ್ವರೂಪದ್ದಾಗಿದ್ದು, ದಿವಾಳಿ ಅರ್ಜಿಯೊಂದರಿಂದಲೇ ಆ ಕ್ರಿಮಿನಲ್ ಮೊಕದ್ದಮೆ ಕೊನೆಗೊಳ್ಳುವುದಿಲ್ಲ.

ಜಾರಿಯಾಗದೆ ಉಳಿದ ಭರವಸೆ

ಹೊಸ ಸಂಹಿತೆಯಲ್ಲಿ ‘ಹೊಸ ಆರಂಭ’ ಎಂಬ ಮಾನವೀಯ ಅಧ್ಯಾಯವೊಂದಿದೆ. ವಾರ್ಷಿಕ ಆದಾಯ 60,000 ರೂಪಾಯಿ, ಆಸ್ತಿ 20,000 ರೂಪಾಯಿ ಮತ್ತು ಅರ್ಹ ಸಾಲ 35,000 ರೂಪಾಯಿ ಮೀರದ, ಸ್ವಂತ ಮನೆಯಿಲ್ಲದ ಕಡುಬಡವರ ಸಾಲವನ್ನು ಸಾಲ ವಸೂಲಾತಿ ನ್ಯಾಯಮಂಡಳಿಯ ಮೂಲಕ ಪೂರ್ತಿಯಾಗಿ ಅಳಿಸುವ ಈ ಅವಕಾಶ ಇನ್ನೂ ಜಾರಿಗೆ ಬಂದಿಲ್ಲ. ಅಷ್ಟರಲ್ಲಿ ಬೆಲೆಗಳು ಏರಿ, 2016ರಲ್ಲಿ ಗೊತ್ತುಪಡಿಸಿದ ಮಿತಿಗಳು ತೀರ ಕಿರಿದಾಗಿವೆ. ಕಿರುಸಾಲ ಸಂಸ್ಥೆಗಳ ವಸೂಲಿ ಕಿರುಕುಳಕ್ಕೆ ಹೆದರಿ ಚಾಮರಾಜನಗರದಂತಹ ಜಿಲ್ಲೆಗಳಲ್ಲಿ ಕುಟುಂಬಗಳು ಮನೆಗೆ ಬೀಗ ಹಾಕಿ ಊರು ತೊರೆದಾಗ, ಕರ್ನಾಟಕ ಸರ್ಕಾರವು 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ಹೊರಡಿಸಿ, ಬಲವಂತದ ವಸೂಲಿಗೆ ಹತ್ತು ವರ್ಷಗಳವರೆಗಿನ ಸೆರೆವಾಸ ಮತ್ತು ಐದು ಲಕ್ಷ ರೂಪಾಯಿವರೆಗಿನ ದಂಡವನ್ನು ವಿಧಿಸಿತು. ಅದು ಕಿರುಕುಳವನ್ನು ತಡೆಯಬಲ್ಲದು. ತೀರಿಸಲಾಗದ ಸಾಲಕ್ಕೆ ವ್ಯವಸ್ಥಿತವಾದ ಕೊನೆಯನ್ನು ಕಾಣಿಸಬಲ್ಲದ್ದು ದಿವಾಳಿ ಕಾನೂನು ಮಾತ್ರ.

ಆದ್ದರಿಂದ ಸಂಹಿತೆಯ ಮೂರನೆಯ ಭಾಗವನ್ನು, ಅದರ ಹಣದ ಮಿತಿಗಳನ್ನು ಇಂದಿನ ಬದುಕಿಗೆ ತಕ್ಕಂತೆ ಏರಿಸಿ, ಎಲ್ಲ ನಾಗರಿಕರಿಗೂ ಜಾರಿಗೊಳಿಸುವುದು ಕೇಂದ್ರ ಸರ್ಕಾರದ ತುರ್ತು ಕರ್ತವ್ಯವಾಗಿದೆ. ಅಲ್ಲಿಯವರೆಗೆ ಸಾಲದ ಸುಳಿಗೆ ಸಿಲುಕಿದವರು ಒಂದು ಸಾಲ ತೀರಿಸಲು ಇನ್ನೊಂದನ್ನು ಮಾಡುವ ಮುನ್ನ ತಮ್ಮ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕಾಣಬೇಕು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಹಾಗೂ ಕಡಿಮೆ ಆದಾಯದವರಿಗೆ ಅಲ್ಲಿ ವಕೀಲರ ನೆರವು ಉಚಿತವಾಗಿ ದೊರೆಯುತ್ತದೆ.