ಕಾಮಾಲೆಯೆಂಬ ಹೆಸರೂ ಯಕೃತ್ತಿನ ವ್ಯಾಧಿಗಳೂ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂಬ ಐದು ತಾಲೂಕುಗಳ ಸೀಮೆಯಲ್ಲಿ ಕಣ್ಣಿನ ಬಿಳಿಭಾಗವು ಹಳದಿಗಟ್ಟಿದವರನ್ನು ಕಂಡರೆ ಅವರಿಗೆ ‘ಕಾಮಣಿ’ಯಾಗಿದೆ ಎನ್ನುವುದು ವಾಡಿಕೆ. ಮರಾಠಿಯನ್ನಾಡುವ ನೆರೆಮನೆಯವರು ಅದನ್ನೇ ‘ಕಾವೀಳ’ ಎನ್ನುವರು. ಗ್ರಂಥಭಾಷೆಯಲ್ಲಿ ಅದು ಕಾಮಾಲೆ, ಸಂಸ್ಕೃತದಲ್ಲಿ ಕಾಮಲಾ. ಹೆಸರು ಒಂದೇ ಆದಮೇಲೆ ರೋಗವೂ ಒಂದೇ, ಮದ್ದೂ ಒಂದೇ ಎಂದು ಜನರು ಭಾವಿಸುವುದು ಸಹಜವೇ ಸರಿ. ಆದರೆ ಕಳೆದ ಎಪ್ಪತ್ತು ವರ್ಷಗಳ ಸಂಶೋಧನೆಯು ಈ ಒಂದು ಹೆಸರನ್ನು ಒಡೆದು, ಅದರೊಳಗೆ ಅಡಗಿದ್ದ ಹಲವು ವ್ಯಾಧಿಗಳನ್ನು ಬೇರ್ಪಡಿಸಿ ತೋರಿಸಿದೆ. ಇದು ಬರಿಯ ಶಬ್ದವಿಚಾರವಲ್ಲ. ಹೆಸರು ಒಡೆಯದಿರುವಲ್ಲಿ ಪ್ರಾಣಹಾನಿಯಾಗುತ್ತದೆ.

ಪ್ರಾಚೀನರು ಈ ಲಕ್ಷಣವನ್ನು ಚೆನ್ನಾಗಿ ಬಲ್ಲವರಾಗಿದ್ದರು. ಋಗ್ವೇದದ ಪ್ರಥಮ ಮಂಡಲದ ಒಂದು ಸೂರ್ಯಸೂಕ್ತದಲ್ಲಿ ದೇಹದ ಹಳದಿಯು ಗಿಳಿ ಮೊದಲಾದ ಪಕ್ಷಿಗಳಿಗೆ ಹೋಗಿ ಸೇರಲೆಂಬ ಪ್ರಾರ್ಥನೆಯಿದೆ. ರೋಗಿಗೆ ಅರಿಶಿನ ಹಾಕಿದ ಅಡಿಗೆಯನ್ನು ಬಡಿಸಬಾರದೆಂಬ ನಮ್ಮ ಮನೆಗಳ ನಿಯಮವು ಈ ವರ್ಣಸಾದೃಶ್ಯದ ತರ್ಕದ ದೂರದ ಸಂತತಿಯೇ ಆಗಿರಬಹುದು. ಚರಕನದು ಇನ್ನೂ ಸೂಕ್ಷ್ಮವಾದ ದೃಷ್ಟಿ. ಅರೆದ ಎಳ್ಳಿನಂತೆ ಮಲವು ಬೆಳ್ಳಗಾಗುವ ಕಾಮಲಾ ಒಂದುಂಟು, ಅದರಲ್ಲಿ ಪಿತ್ತದ ಮಾರ್ಗವು ತಡೆಯಲ್ಪಟ್ಟಿರುತ್ತದೆ ಎಂದು ಆತನು ಪ್ರತ್ಯೇಕವಾಗಿ ಹೇಳಿದ್ದಾನೆ. ಪಿತ್ತನಾಳಕ್ಕೆ ಕಲ್ಲು ಅಡ್ಡಬಂದಾಗ ಇಂದಿನ ವೈದ್ಯನು ನೋಡುವುದೂ ಇದನ್ನೇ. ಇನ್ನು ದರ್ಶನಶಾಸ್ತ್ರದಲ್ಲಿ ಭ್ರಾಂತಿಗೆ ಕೊಡುವ ಹಳದಿ ಶಂಖದ ದೃಷ್ಟಾಂತವು ಸಾಹಿತ್ಯದ ಅಧ್ಯಾಪಕರಿಗೆ ಪರಿಚಿತವೇ ಆಗಿದೆ. ಬಣ್ಣವು ಕಣ್ಣಿನ ಹೊರಪೊರೆಗೆ ಹತ್ತುವುದರಿಂದ ರೋಗಿಗೆ ಲೋಕವು ಬಹುಮಟ್ಟಿಗೆ ಎಂದಿನಂತೆಯೇ ತೋರುತ್ತದೆ. ಆದರೂ ದೃಷ್ಟಾಂತವು ತಾರ್ಕಿಕರಿಗೆ ಬೇಕಾದ ಕೆಲಸವನ್ನು ಮಾಡಿಕೊಟ್ಟಿದೆ.

ಹಳದಿಯ ಮೂಲವು ರಕ್ತದಲ್ಲಿರುತ್ತದೆ. ಕೆಂಪು ರಕ್ತಕಣಗಳು ಸುಮಾರು ೧೨೦ ದಿವಸ ಬಾಳಿ ಒಡೆಯುವುವು. ಅವುಗಳ ವರ್ಣದ್ರವ್ಯದಿಂದ ಬಿಲಿರೂಬಿನ್ ಎಂಬ ಹಳದಿ ವಸ್ತುವು ಹುಟ್ಟುವುದು. ಯಕೃತ್ತು ಅದನ್ನು ಹಿಡಿದು, ನೀರಿನಲ್ಲಿ ಕರಗುವಂತೆ ಮಾರ್ಪಡಿಸಿ, ಪಿತ್ತರಸದೊಡನೆ ಕರುಳಿಗೆ ಕಳುಹಿಸುತ್ತದೆ. ನೂರು ಮಿಲಿಲೀಟರ್ ರಕ್ತರಸದಲ್ಲಿ ಅದು ಸಾಮಾನ್ಯವಾಗಿ ಒಂದು ಮಿಲಿಗ್ರಾಮನ್ನು ಮೀರದು. ಮೂರರ ಸಮೀಪಕ್ಕೆ ಏರಿದಾಗ ಕಣ್ಣಿನಲ್ಲಿ ಕಾಣಿಸಿಕೊಳ್ಳುವುದು. ರಕ್ತಕಣಗಳು ಮಿತಿಮೀರಿ ಒಡೆದರೂ, ಯಕೃತ್ತಿನ ಜೀವಕೋಶಗಳು ಕೆಟ್ಟರೂ, ಪಿತ್ತನಾಳವು ಕಟ್ಟಿದರೂ ಪರಿಣಾಮವು ಅದೇ ಹಳದಿ. ಆದುದರಿಂದ ಕಾಮಾಲೆಯು ವ್ಯಾಧಿಯಲ್ಲ, ವ್ಯಾಧಿಯ ಚಿಹ್ನೆ.

ಯಕೃತ್ತಿನ ಜೀವಕೋಶಗಳನ್ನು ಕೆಡಿಸುವ ವಿಷಾಣುಗಳಲ್ಲಿ ನಮ್ಮ ದೇಶಕ್ಕೆ ಅತ್ಯಂತ ಸಂಬಂಧಪಟ್ಟುದರ ಕಥೆಯು ದಿಲ್ಲಿಯಲ್ಲಿ ಆರಂಭವಾಗುತ್ತದೆ. ೧೯೫೫ರಲ್ಲಿ ಯಮುನಾ ನದಿಯು ಪ್ರವಾಹಾನಂತರ ಪಾತ್ರವನ್ನು ಬದಲಿಸಿದುದರಿಂದ, ನಜಫ್‌ಗಢ ನಾಲೆಯ ಕೊಳಚೆಯು ವಜೀರಾಬಾದಿನಲ್ಲಿ ಕುಡಿಯುವ ನೀರನ್ನೆತ್ತುವ ಸ್ಥಳಕ್ಕೆ ಬಂದು ಸೇರಿತು. ೧೯೫೫-೫೬ರ ಚಳಿಗಾಲದಲ್ಲಿ ಸುಮಾರು ೨೯,೦೦೦ ಮಂದಿಗೆ ಕಾಮಾಲೆಯಾಯಿತು. ಇದು ಆಗ ತಿಳಿದಿದ್ದ ಸಾಂಕ್ರಾಮಿಕ ಯಕೃತ್ತಿನ ಉರಿಯೂತವೇ, ಎಂದರೆ ಮುಂದೆ ‘ಎ’ ಎಂಬ ಅಕ್ಷರದಿಂದ ಕರೆಯಲ್ಪಟ್ಟದ್ದೇ, ಎಂದು ಎಲ್ಲರೂ ನಂಬಿದರು. ಆದರೆ ನಮ್ಮ ದೇಶದಲ್ಲಿ ಆ ರೋಗವು ಬಹುತೇಕ ಎಲ್ಲರಿಗೂ ಬಾಲ್ಯದಲ್ಲಿಯೇ ತಿಳಿಯದಂತೆ ಬಂದುಹೋಗಿ, ಜೀವಾವಧಿಯ ರಕ್ಷಣೆಯನ್ನು ಉಳಿಸಿರುತ್ತದೆ. ಹಾಗಾದರೆ ಪ್ರಾಯದವರು ಸಾವಿರಗಟ್ಟಲೆ ಹಾಸಿಗೆ ಹಿಡಿದುದೇಕೆ? ಗರ್ಭಿಣಿಯರೇ ಹೆಚ್ಚಾಗಿ ಸತ್ತುದೇಕೆ? ೧೯೭೮ರಲ್ಲಿ ಕಾಶ್ಮೀರದಲ್ಲಿ ಇಂಥದೇ ಪಿಡುಗು ಎದ್ದಾಗ ಡಾಕ್ಟರ್ ಮೊಹಮ್ಮದ್ ಸುಲ್ತಾನ್ ಖುರೂ ಅವರು ಈ ಪ್ರಶ್ನೆಯನ್ನು ಬಿಡದೆ ಹಿಡಿದು, ಇದು ಬೇರೊಂದು ವಿಷಾಣುವಿನ ಕೆಲಸವೆಂದು ೧೯೮೦ರಲ್ಲಿ ಪ್ರಕಟಿಸಿದರು. ದಿಲ್ಲಿಯ ಪಿಡುಗಿನ ಕಾಲದಿಂದ ಕಾದಿಟ್ಟಿದ್ದ ರಕ್ತರಸವನ್ನು ಅದೇ ವರ್ಷ ಪರೀಕ್ಷಿಸಿದಾಗ ಅದೂ ‘ಎ’ ಅಲ್ಲವೆಂದು ಗೊತ್ತಾಯಿತು. ೧೯೮೩ರಲ್ಲಿ ರಷ್ಯದ ಬಲಯಾನ್ ಎಂಬ ಪಂಡಿತರು ರೋಗಿಗಳ ಮಲದ ಸಾರವನ್ನು ತಾವೇ ನುಂಗಿ, ಕಾಮಾಲೆಯನ್ನು ತಂದುಕೊಂಡು, ತಮ್ಮ ಮಲದಲ್ಲಿ ವಿಷಾಣುವಿನ ಕಣಗಳನ್ನು ಸೂಕ್ಷ್ಮದರ್ಶಕದಿಂದ ತೋರಿಸಿದರು. ಆ ಸಾಹಸವನ್ನು ಮೆಚ್ಚಬಹುದು, ಅನುಕರಿಸಲಾಗದು. ೧೯೯೦ರಲ್ಲಿ ಅದರ ವಂಶದ್ರವ್ಯವು ದೊರೆತ ಮೇಲೆ ‘ಇ’ ಎಂಬ ಹೆಸರು ನಿಂತಿತು.

ಈಗ ನಮ್ಮ ಸೀಮೆಗೆ ಬರೋಣ. ಕೊಲ್ಲಾಪುರ, ಇಚಲಕರಂಜಿಗಳ ಬಳಿ ಹರಿದು ಬರುವ ಪಂಚಗಂಗೆಯು ನರಸೋಬನ ವಾಡಿಯಲ್ಲಿ ಕೃಷ್ಣೆಯನ್ನು ಕೂಡುವುದು. ಆ ಕೃಷ್ಣೆಯೇ ಮುಂದೆ ಚಿಕ್ಕೋಡಿ, ಕಾಗವಾಡ, ರಾಯಬಾಗ, ಅಥಣಿ ತಾಲೂಕುಗಳ ಊರುಗಳಿಗೆ ನೀರು. ನಿಪ್ಪಾಣಿಯ ಗಡಿಗೆ ಸಮೀಪವಾದ ಇಚಲಕರಂಜಿಯಲ್ಲಿ ೨೦೧೨ರ ಬೇಸಗೆಯಲ್ಲಿ ‘ಇ’ ವಿಷಾಣುವಿನ ಕಾಮಾಲೆಯು ಸಾವಿರಾರು ಜನರನ್ನು ಹಿಡಿಯಿತು. ನದಿಯು ಬತ್ತಿದಾಗ ಕೊಳಚೆಯು ಸಾಂದ್ರವಾಗುತ್ತದೆ. ೨೦೧೯ ಮತ್ತು ೨೦೨೧ರಲ್ಲಿ ಆದಂತೆ ನೆರೆ ಬಂದಾಗ ಶೌಚದ ಗುಂಡಿಯೂ ಬಾವಿಯೂ ಒಂದಾಗುತ್ತವೆ. ಮೂರನೆಯ ಮಾರ್ಗವು ಹೆಚ್ಚು ಗುಪ್ತವಾದುದು. ನಳದ ನೀರನ್ನು ಕೆಲವು ತಾಸು ಮಾತ್ರ ಬಿಡುವ ಊರುಗಳಲ್ಲಿ, ಬಿಡದಿರುವ ಹೊತ್ತಿನಲ್ಲಿ ಕೊಳವೆಯೊಳಗೆ ಒತ್ತಡವು ಇಳಿದು, ಬಿರುಕುಗಳ ಮೂಲಕ ಪಕ್ಕದ ಗಟಾರದ ನೀರು ಒಳಕ್ಕೆ ಎಳೆಯಲ್ಪಡುತ್ತದೆ. ಶುದ್ಧೀಕರಣದ ಸ್ಥಾನದಲ್ಲಿ ಹಾಕಿದ ಕ್ಲೋರಿನ್ನು ಬೀದಿಯ ಕೊನೆಯ ನಳವನ್ನು ಮುಟ್ಟುವ ಹೊತ್ತಿಗೆ ಉಳಿದಿರದಿದ್ದರೆ ರಕ್ಷಣೆಯಿಲ್ಲ. ನೀರನ್ನು ಕುದಿಸುವುದೊಂದೇ ಉಳಿಯುವ ದಾರಿ. ಕಬ್ಬಿನ ನಾಡಾದ ಇಲ್ಲಿ ಕಾಮಣಿಯಾದವರಿಗೆ ಕಬ್ಬಿನ ಹಾಲನ್ನು ಕುಡಿಸುವುದುಂಟು. ಹಾಲು ಅಪಾಯಕರವಲ್ಲ, ಆದರೆ ಅದಕ್ಕೆ ಹಾಕುವ ಬರ್ಫವೂ ಲೋಟ ತೊಳೆಯುವ ನೀರೂ ಎಲ್ಲಿಯವೆಂದು ಕೇಳುವವರು ಕಡಿಮೆ.

ಹಳ್ಳಿಯ ಮದ್ದುಗಳ ವಿಷಯದಲ್ಲಿ ನ್ಯಾಯವಾಗಿ ಮಾತನಾಡಬೇಕು. ‘ಎ’ ಮತ್ತು ‘ಇ’ ಎಂಬಿವೆರಡೂ ಬಹುಪಾಲು ರೋಗಿಗಳಲ್ಲಿ ನಾಲ್ಕಾರು ವಾರಗಳಲ್ಲಿ ತಾವಾಗಿಯೇ ವಾಸಿಯಾಗುವುವು. ಆ ಅವಧಿಯಲ್ಲಿ ಕೊಟ್ಟ ಸೊಪ್ಪಿನ ರಸಕ್ಕೂ, ಹಿಂಡಿದ ಮೂಗಿನ ಹನಿಗೂ, ಎಳೆದ ಬರೆಗೂ ಯಶಸ್ಸು ತಾನಾಗಿ ಬರುತ್ತದೆ. ಆದರೆ ಎಲ್ಲ ಮೂಲಿಕೆಗಳನ್ನೂ ಸಂಶೋಧಕರು ನೋಡದೆಯೇ ತಳ್ಳಿಹಾಕಿದರೆಂದಲ್ಲ. ‘ಬಿ’ ವಿಷಾಣುವನ್ನು ಗುರುತಿಸಿ ೧೯೭೬ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಬ್ಲಂಬರ್ಗರೇ ಮದರಾಸಿನ ವಿದ್ವಾಂಸರೊಡನೆ ಸೇರಿ ನೆಲನೆಲ್ಲಿಯನ್ನು ಪರೀಕ್ಷಿಸಿದರು. ೧೯೮೮ರ ವರದಿಯಂತೆ, ನೆಲನೆಲ್ಲಿಯನ್ನು ಸೇವಿಸಿದ ೩೭ ಮಂದಿಯಲ್ಲಿ ೨೨ ಮಂದಿಯ ರಕ್ತದಿಂದ ‘ಬಿ’ಯ ಗುರುತು ಮರೆಯಾಯಿತು, ಹುಸಿಮದ್ದನ್ನು ಸೇವಿಸಿದ ೨೩ ಮಂದಿಯಲ್ಲಿ ಒಬ್ಬರಲ್ಲಿ ಮಾತ್ರ. ದೊಡ್ಡ ಆಶೆಯೇ ಹುಟ್ಟಿತು. ಆದರೆ ಬೇರೆಡೆಗಳಲ್ಲಿ ಮಾಡಿದ ಪ್ರಯೋಗಗಳು ಆ ಫಲವನ್ನು ಪುನಃ ಕಾಣಲಿಲ್ಲ. ಒಂದು ಪರೀಕ್ಷೆಯು ಎಷ್ಟೇ ಮನೋಹರವಾಗಿದ್ದರೂ ಎರಡನೆಯದು ಒಪ್ಪದ ಹೊರತು ಪ್ರಮಾಣವಾಗಲಾರದು. ಪಾಠಪರಿಷ್ಕರಣಕಾರರಿಗೆ ಒಂದೇ ಓಲೆಪ್ರತಿಯ ಕಷ್ಟವು ಗೊತ್ತಿರುವುದರಿಂದ ಇದನ್ನು ವಿಸ್ತರಿಸಬೇಕಾಗಿಲ್ಲ.

ಅಪಾಯವಿರುವುದು ಮದ್ದಿನಲ್ಲಿ ಅಷ್ಟಾಗಿ ಅಲ್ಲ, ಕಾಯುವುದರಲ್ಲಿ. ‘ಇ’ ವಿಷಾಣುವಿನಿಂದ ಸಾಯುವವರು ಸಾಮಾನ್ಯವಾಗಿ ನೂರರಲ್ಲಿ ಒಬ್ಬಿಬ್ಬರು; ಗರ್ಭದ ಕೊನೆಯ ಮೂರು ತಿಂಗಳಲ್ಲಿರುವ ಸ್ತ್ರೀಯರಲ್ಲಿ ಆ ಸಂಖ್ಯೆಯು ಇಪ್ಪತ್ತು ಇಪ್ಪತ್ತೈದರವರೆಗೆ ಏರುತ್ತದೆ. ಆದುದರಿಂದ ಗರ್ಭಿಣಿಯ ಕಣ್ಣು ಹಳದಿಯಾದ ದಿನವೇ ಆಸ್ಪತ್ರೆಗೆ ಹೋಗತಕ್ಕದ್ದು. ಯಾರಿಗೇ ಆಗಲಿ, ಹಗಲು ನಿದ್ರೆ ರಾತ್ರಿ ಎಚ್ಚರ, ಮಾತಿನಲ್ಲಿ ಗಲಿಬಿಲಿ, ವಸಡಿನಲ್ಲಿ ರಕ್ತ ಇವು ತೋರಿದರೆ ಯಕೃತ್ತು ಸೋಲುತ್ತಿದೆಯೆಂದು ತಿಳಿಯಬೇಕು. ‘ಇ’ಯ ತೀವ್ರಾವಸ್ಥೆಗೆ ವಿಶೇಷ ಔಷಧವಿಲ್ಲ, ವಿಶ್ರಾಂತಿ, ಸಾಧಾರಣ ಆಹಾರ, ಎಚ್ಚರಿಕೆಯ ಆರೈಕೆ ಇಷ್ಟೇ. ಉಪ್ಪು ಎಣ್ಣೆ ಬಿಡಿಸಿ ಸೊರಗಿಸುವ ಪಥ್ಯಕ್ಕೆ ಆಧಾರವಿಲ್ಲ.

ರಕ್ತದ ಮೂಲಕ ಹರಡುವ ‘ಬಿ’ ಮತ್ತು ‘ಸಿ’ ವಿಷಾಣುಗಳ ರೀತಿಯೇ ಬೇರೆ. ಅವು ಅನೇಕ ವೇಳೆ ಹಳದಿಯನ್ನು ತೋರಿಸದೆಯೇ ದಶಕಗಳ ಕಾಲ ಕುಳಿತು ಯಕೃತ್ತನ್ನು ನಾರುಗಟ್ಟಿಸುವುವು. ಕಾಮಣಿಯೆಂಬ ಹೆಸರು ಅವುಗಳನ್ನು ಮುಟ್ಟುವುದೇ ಇಲ್ಲ. ೧೯೮೯ರಲ್ಲಿ ಗುರುತಿಸಲ್ಪಟ್ಟ ‘ಸಿ’ಯನ್ನು ಇಂದು ಸುಮಾರು ಹನ್ನೆರಡು ವಾರಗಳ ಗುಳಿಗೆಗಳಿಂದ ನೂರರಲ್ಲಿ ತೊಂಬತ್ತೈದು ಮಂದಿಯಲ್ಲಿ ಗುಣಪಡಿಸಬಹುದಾಗಿದೆ, ೨೦೧೮ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಇದರ ಪರೀಕ್ಷೆಯೂ ಔಷಧವೂ ಉಚಿತ. ‘ಬಿ’ಯನ್ನು ಔಷಧದಿಂದ ಅಡಗಿಸಿಡಬಹುದು, ಬೇರುಸಹಿತ ಕೀಳುವುದು ವಿರಳ. ತಾಯಿಯ ರಕ್ತದಲ್ಲಿ ಅದು ಇದ್ದರೆ ಹೆರಿಗೆಯ ವೇಳೆಯಲ್ಲಿ ಕೂಸಿಗೆ ತಗಲುವುದು. ಆ ಕೂಸಿಗೆ ಹುಟ್ಟಿದ ಇಪ್ಪತ್ತನಾಲ್ಕು ತಾಸುಗಳೊಳಗೆ ಮೊದಲ ಲಸಿಕೆಯು ಬೀಳಬೇಕು.