ಕಾಳಗದ ವಿಡಿಯೋ ಗೇಮ್: ಗೆಲ್ಲಿಸುವುದು ಬೆರಳೋ, ಬುದ್ಧಿಯೋ?

ಚೀನಾದ ಹಾಂಗ್‌ಝೌನಲ್ಲಿ 2023ರಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ವಿಡಿಯೋ ಗೇಮ್‌ಗಳಿಗೆ ಮೊದಲ ಬಾರಿಗೆ ಪದಕದ ಮಾನ್ಯತೆ ದೊರೆಯಿತು. ‘ಸ್ಟ್ರೀಟ್ ಫೈಟರ್ 5’ ವಿಭಾಗದಲ್ಲಿ ಚಿನ್ನ ಗೆದ್ದ ದಕ್ಷಿಣ ಕೊರಿಯಾದ ಕಿಮ್ ಗ್ವಾನ್-ವೂ ಅವರಿಗೆ ಆಗ 44 ವರ್ಷ. ಭಾರತದ ಮಯಾಂಕ್ ಪ್ರಜಾಪತಿ ಮತ್ತು ಅಯಾನ್ ಬಿಸ್ವಾಸ್ ಕೂಡ ಅದೇ ಕಣದಲ್ಲಿದ್ದರು. ಬೆರಳಿನ ವೇಗವೇ ಸರ್ವಸ್ವವೆಂದು ತೋರುವ ಆಟದಲ್ಲಿ ನಡುವಯಸ್ಕರೊಬ್ಬರು ಗೆಲ್ಲಲು ಹೇಗೆ ಸಾಧ್ಯ?

ಉತ್ತರ ಆಟದ ಲೆಕ್ಕಾಚಾರದಲ್ಲಿದೆ. ಇಂತಹ ಆಟಗಳಲ್ಲಿ ಪರದೆಯ ಚಿತ್ರ ಸೆಕೆಂಡಿಗೆ 60 ಬಾರಿ ಬದಲಾಗುತ್ತದೆ. ಚುರುಕಾದ ಗುದ್ದು ನಾಲ್ಕೈದು ಚಿತ್ರಗಳ ಅವಧಿಯಲ್ಲೇ ತಾಗುತ್ತದೆ. ಕಣ್ಣು ಕಂಡದ್ದಕ್ಕೆ ಕೈ ಸ್ಪಂದಿಸಲು ಇದರ ಎರಡು ಪಟ್ಟಿಗೂ ಹೆಚ್ಚು ಸಮಯ ಬೇಕು. ಆದ್ದರಿಂದ ಇಂತಹ ಗುದ್ದನ್ನು ನೋಡಿ ತಡೆಯಲಾಗದು, ಮುಂಚಿತವಾಗಿ ಊಹಿಸಿಯೇ ತಡೆಯಬೇಕು.

ಮೂರು ಪಟ್ಟುಗಳು

ಹೊಡೆತವನ್ನು ತಡೆ ನಿಲ್ಲಿಸುತ್ತದೆ. ತಡೆದು ನಿಂತವನನ್ನು ಹಿಡಿದು ಎಸೆಯಬಹುದು. ಹಿಡಿಯಲು ಬಂದವನಿಗೆ ಹೊಡೆತ ಬೀಳುತ್ತದೆ. ಯಾವ ಪಟ್ಟೂ ಅಜೇಯವಲ್ಲ.

ಇವುಗಳ ಬಳಕೆಯಿಂದಲೇ ಆಟಗಾರರ ಶೈಲಿ ರೂಪುಗೊಳ್ಳುತ್ತದೆ. ‘ರಶ್‌ಡೌನ್’ ಶೈಲಿಯವರು ಮೈಮೇಲೆ ಬಿದ್ದು, ಯೋಚಿಸಲು ಬಿಡುವು ಕೊಡುವುದಿಲ್ಲ. ‘ಜೋನಿಂಗ್’ ಶೈಲಿಯವರು ದೂರದಿಂದಲೇ ಬೆಂಕಿಯುಂಡೆ ಎಸೆದು ಎದುರಾಳಿಯನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ‘ಗ್ರ್ಯಾಪ್ಲರ್’ಗಳು ಪೆಟ್ಟು ಸಹಿಸಿ ಹತ್ತಿರ ಸೇರಿ, ಒಂದೇ ಹಿಡಿತದಲ್ಲಿ ಭಾರಿ ಹಾನಿ ಮಾಡುತ್ತಾರೆ. ‘ಟರ್ಟಲ್’, ಅಂದರೆ ಆಮೆಯಂಥವರು, ರಕ್ಷಣೆಯಲ್ಲೇ ಕುಳಿತು ಎದುರಾಳಿಯ ತಪ್ಪಿಗಾಗಿ ಕಾಯುತ್ತಾರೆ.

ಆದರೆ ಶೈಲಿ ಅಭ್ಯಾಸಬಲವಾದರೆ ಅದೇ ದೌರ್ಬಲ್ಯ. ಬಿದ್ದು ಏಳುವಾಗಲೆಲ್ಲ ಗುದ್ದುವ ಚಾಳಿಯಿದ್ದರೆ, ಅನುಭವಿ ಎದುರಾಳಿ ಅದನ್ನು ಗುರುತಿಸಿ, ತಡೆದು, ಮರುದಾಳಿ ಮಾಡುತ್ತಾನೆ.

ಕೂದಲೆಳೆಯ ಪ್ರಾಣ

ಇದಕ್ಕೆ ಪ್ರಸಿದ್ಧ ನಿದರ್ಶನ, 2004ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ನಡೆದ ‘ಇವೊ’ ಪಂದ್ಯಾವಳಿ. ‘ಸ್ಟ್ರೀಟ್ ಫೈಟರ್ 3: ಥರ್ಡ್ ಸ್ಟ್ರೈಕ್’ ಆಟದಲ್ಲಿ ಜಪಾನಿನ ಡೈಗೊ ಉಮೆಹಾರ ಆಡಿಸುತ್ತಿದ್ದ ಕೆನ್ ಪಾತ್ರಕ್ಕೆ ಉಳಿದಿದ್ದುದು ಕೂದಲೆಳೆಯಷ್ಟು ಪ್ರಾಣ. ಇಂತಹ ಆಟದಲ್ಲಿ ವಿಶೇಷ ದಾಳಿಯನ್ನು ಸಾಮಾನ್ಯ ರೀತಿಯಲ್ಲಿ ತಡೆದರೂ ಅಲ್ಪ ಹಾನಿ ತಪ್ಪದು. ಅಷ್ಟೇ ಸಾಕಿತ್ತು ಸೋಲಲು. ಅಮೆರಿಕದ ಜಸ್ಟಿನ್ ವಾಂಗ್ ಅವರಿಗೆ ತಮ್ಮ ಚುನ್-ಲಿ ಪಾತ್ರದ ಸಾಲು ಒದೆತಗಳ ಮಹಾಸ್ತ್ರವೇ ಸುಲಭದ ದಾರಿಯಾಗಿತ್ತು. ಅವರು ಅದನ್ನೇ ಪ್ರಯೋಗಿಸಿದರು.

ಉಮೆಹಾರ ಅದಕ್ಕೆ ಸಿದ್ಧರಾಗಿಯೇ ನಿಂತಿದ್ದರು. ಪೆಟ್ಟು ತಾಗುವ ಕ್ಷಣಕ್ಕೆ ಸರಿಯಾಗಿ ಎದುರು ದಿಕ್ಕಿಗೆ ಕೋಲು ಒತ್ತಿದರೆ ಕಿಂಚಿತ್ತೂ ಹಾನಿಯಾಗದ ‘ಪ್ಯಾರಿ’ ತಂತ್ರದಿಂದ 15 ಒದೆತಗಳನ್ನೂ ನಿಷ್ಫಲಗೊಳಿಸಿ, ಮರುದಾಳಿಯಲ್ಲಿ ಗೆದ್ದರು. ಕೈಚಳಕ ಅಸಾಮಾನ್ಯವೇ ಸರಿ. ಆದರೆ ಎದುರಾಳಿ ಯಾವ ದಾರಿ ಹಿಡಿದಾರು ಎಂಬ ಅರಿವಿಲ್ಲದಿದ್ದರೆ ಆ ಚಳಕಕ್ಕೆ ಸಮಯವೇ ಸಿಗುತ್ತಿರಲಿಲ್ಲ.

ಅದೇ ಕೂಟದ ಅಂತಿಮ ಪಂದ್ಯದಲ್ಲಿ ಉಮೆಹಾರ ತಮ್ಮದೇ ದೇಶದ ಕೆಂಜಿ ಒಬಾಟ ಅವರಿಗೆ ಮಣಿದರು. ಒಬ್ಬರ ಮನಸ್ಸನ್ನು ಓದಿದ ಮಾತ್ರಕ್ಕೆ ಮತ್ತೊಬ್ಬರದು ತಿಳಿಯದು. ಎದುರು ಕುಳಿತವರು ಬದಲಾದರೆ, ಓದು ಮೊದಲಿನಿಂದಲೇ ಆರಂಭವಾಗಬೇಕು.